ಕೂಲಿ ಮುಟ್ಟಬಾರದ ದೊರೆ

ಪೊಲೀಸ್ ಠಾಣೆಯಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಕೇಳುವವರು ಒಂದು ದಿನವಾದರೂ ರೈಟರ್ ಕುರ್ಚಿಯಲ್ಲಿ ಕೂತು ನೋಡಬೇಕು. ರೈಟರ್ ಅಂದರೆ ಠಾಣೆಯ ಬರವಣಿಗೆಯನ್ನೆಲ್ಲ ನೋಡಿಕೊಳ್ಳುವ ಪೊಲೀಸಿನವನು. ಬಂಗಾರಪೇಟೆ ಸೀಮೆಯ ಒಂದು ಠಾಣೆಯಲ್ಲಿ ಬಹಳ ಕಾಲ ನಾನು ಆ ಕುರ್ಚಿ ಸವೆಸಿದೆ. ಕೋಳಿ ಕಳುವಾದರೂ ನನ್ನ ಹತ್ತಿರ ಬರುತ್ತಿದ್ದರು, ಗಂಡ ಕಾಣೆಯಾದರೂ ನನ್ನ ಹತ್ತಿರ ಬರುತ್ತಿದ್ದರು. ಕೋಳಿ ಕಳೆದುಕೊಂಡವರೇ ಹೆಚ್ಚು ಅಳುತ್ತಿದ್ದರು.

ಅರವತ್ತರ ದಶಕ ಶುರುವಾದ ಹೊಸತರಲ್ಲಿ ನಮ್ಮ ಸರಹದ್ದಿಗೆ ಅಮೆರಿಕದ ಒಬ್ಬ ತರುಣ ಬಂದ. ಬೂದಿಕೋಟೆ ದಾರಿಯ ಒಂದು ಹಳ್ಳಿಯಲ್ಲಿದ್ದು, ಕೋಳಿ ಸಾಕಣೆ, ಗೊಬ್ಬರ ತಯಾರಿ ಇಂಥವನ್ನು ಹೇಳಿಕೊಡಲು ಬಂದ ಸ್ವಯಂಸೇವಕ. ಚಿನ್ನದ ಗಣಿಯ ಸಾಹೇಬರನ್ನು ನೋಡಿ ಬೆಳೆದ ನಮ್ಮ ಜನಕ್ಕೆ ಬಿಳಿಯವರೆಲ್ಲ ದೊರೆಗಳೇ. ಹಾಗಾಗಿ ಮೊಣಕಾಲಿಗೆ ತೇಪೆ ಹಾಕಿದ ಪ್ಯಾಂಟು ತೊಟ್ಟು ಹಳೇ ಸೈಕಲ್ ಮೇಲೆ ಬಂದರೂ ಇವನು ದೊರೆಯೇ ಆದ.

ದೊರೆಯ ಹಿಂದೆ ನಿಯಮಗಳೂ ಬಂದವು. ಠಾಣೆಯಲ್ಲಿ ಹೆಸರು ನೋಂದಾಯಿಸಬೇಕು. ಊರು ಬಿಟ್ಟು ಹೋಗುವುದಾದರೆ ತಿಳಿಸಬೇಕು. ಸೇವೆ ಮಾಡಬಹುದು, ಆದರೆ ಅದಕ್ಕೆ ಕೂಲಿಯಾಗಲಿ ಪ್ರತಿಫಲವಾಗಲಿ ಮುಟ್ಟಬಾರದು. ಮುಟ್ಟಿದರೆ ಇಲ್ಲಿರಲು ಸರ್ಕಾರ ಕೊಟ್ಟ ಪರ್ಮಿಟ್ ರದ್ದು, ಗಂಟುಮೂಟೆ ಕಟ್ಟಿಕೊಂಡು ಹೊರಡಬೇಕು. ವರ್ಷ ತುಂಬಿದ ಮೇಲೆ ವಿಚಾರಣೆ ನಡೆದು ಸರಿಕಂಡರೆ ಮಾತ್ರ ಮುಂದಿನ ವರ್ಷ. ಇದನ್ನೆಲ್ಲ ನೋಡಿಕೊಳ್ಳುವ ಭಾರ ನನ್ನ ತಲೆಗೆ ಬಿತ್ತು. ಅಲ್ಲಿಯವರೆಗೆ ನಾನು ಕಂಡ ಪರದೇಶಿಯರೆಂದರೆ ಸೇಲಂನಿಂದ ಬರುತ್ತಿದ್ದ ಮಾವಿನಹಣ್ಣಿನ ವ್ಯಾಪಾರಿಗಳು ಮಾತ್ರ.

ಮೊದಲ ದಿನ

ನೋಂದಣಿಗೆ ಬಂದ ದೊರೆಯ ಜೊತೆ ಅವನಿಗೆ ಮನೆ ಕೊಟ್ಟ ಅಜ್ಜಿಯೂ ಬಂದಿದ್ದಳು. ಗಂಡ ತೀರಿಹೋದ ಮೇಲೆ ಹೊಲ ಮನೆ ಎರಡನ್ನೂ ಒಬ್ಬಳೇ ನಡೆಸಿಕೊಂಡು ಬಂದ ಗಟ್ಟಿ ಹೆಂಗಸು. ಠಾಣೆಗೆ ಬಂದವರು ಬಾಗಿಲಲ್ಲೇ ಕೈಮುಗಿದು ನಿಲ್ಲುತ್ತಾರೆ, ಇವಳು ನೇರ ಬಂದು ಬೆಂಚಿನ ಮೇಲೆ ಕೂತಳು.

ನಮ್ಮ ಸಬ್ ಇನ್ಸ್‌ಪೆಕ್ಟರರಿಗೆ ಈ ಸ್ವಯಂಸೇವಕ ಅನ್ನುವ ಸಂಗತಿಯೇ ಅರ್ಥವಾಗಲಿಲ್ಲ.

"ಸಂಬಳ ಎಷ್ಟು?"

"ಇಲ್ಲ, ಸ್ವಾಮಿ. ಊಟದ ಖರ್ಚನ್ನು ನನ್ನನ್ನು ಕಳಿಸಿದವರು ಕೊಡುತ್ತಾರೆ," ಅಂದ ದೊರೆ. ಬರುವ ಮುಂಚೆ ಪುಸ್ತಕ ಓದಿ ಕನ್ನಡ ಕಲಿತಿದ್ದ. ಅವನು ಬಾಯಿ ಬಿಟ್ಟರೆ ನಮಗೆಲ್ಲ ಎದ್ದು ನಿಲ್ಲಬೇಕು ಅನ್ನಿಸುತ್ತಿತ್ತು, ಅಷ್ಟು ಶುದ್ಧ.

"ಜಮೀನು ಕೊಡ್ತಾರಾ?"

"ಇಲ್ಲ."

"ಆಮೇಲೆ ನಿಮ್ಮ ದೇಶದಲ್ಲಿ ಬಡ್ತಿ ಗಿಡ್ತಿ?"

"ಇಲ್ಲ, ಸ್ವಾಮಿ."

ಸಾಹೇಬರು ಟೋಪಿ ತೆಗೆದು ಮೇಜಿನ ಮೇಲಿಟ್ಟು, ನನ್ನನ್ನು ಪಕ್ಕಕ್ಕೆ ಕರೆದರು. "ಏನ್ರೀ ರೈಟರ್, ಏನೂ ಸಿಗೋದಿಲ್ಲ ಅಂದರೆ ಯಾವನಾದರೂ ಸಮುದ್ರ ದಾಟಿ ಕೋಳಿ ಹಿಕ್ಕೆ ಬಾಚೋದಕ್ಕೆ ಬರ್ತಾನೇನ್ರೀ? ಇದರಲ್ಲಿ ಏನೋ ಇದೆ."

ಪಿಸುಮಾತು ಅಜ್ಜಿಯ ಕಿವಿಗೆ ಬಿತ್ತು. ಅವಳು ಕೂತಲ್ಲಿಂದಲೇ ಸಾಹೇಬರಿಗೆ ಸಮಾಧಾನ ಹೇಳಿದಳು:

"ಅದ್ರಾಗೆ ಏನೂ ಇಲ್ಲ ಬುಡಿ ಸ್ವಾಮಿ. ಮನೇಲಿ ಜಗಳ ಆಡ್ಕೊಂಡು ಬಂದವ್ನೆ. ಕ್ವಾಪ ಇಳಿದ್ ಮ್ಯಾಕೆ ಅವನೇ ಓಯ್ತಾನೆ."

ಹೇಳಿ ಹೋಗುವವರು

ಊರು ಬಿಡುವಾಗ ತಿಳಿಸಬೇಕೆಂಬ ನಿಯಮ ಇದ್ದದ್ದು ಹೆಚ್ಚು ದಿನ ಹೊರಗಿರುವವರಿಗೆ. ನಮ್ಮ ದೊರೆ ಭಯಸ್ಥ. ಆಂಡರ್ಸನ್‌ಪೇಟೆಗೆ ಕೋಳಿಗೂಡಿನ ಜಾಲರಿ ತರಲು ಹೋದರೂ ಠಾಣೆ ಮುಂದೆ ಸೈಕಲ್ ನಿಲ್ಲಿಸಿ, "ಹೋಗಿಬರುತ್ತೇನೆ, ಸಂಜೆ ಹಿಂದಿರುಗುತ್ತೇನೆ," ಎಂದು ಬರೆಸಿಯೇ ಹೋಗುತ್ತಿದ್ದ. ಬೇಡಪ್ಪ ಅಂದರೂ ಕೇಳುತ್ತಿರಲಿಲ್ಲ. ಬರೆದುಕೊಳ್ಳುವುದು ನನಗೂ ಅಭ್ಯಾಸವಾಯಿತು.

ಇದನ್ನು ನೋಡಿದ ಹಳ್ಳಿಯವರು ಸರ್ಕಾರ ಹೊಸ ಕಾನೂನು ತಂದಿದೆ ಅಂದುಕೊಂಡರು. ಒಂದು ಬೆಳಿಗ್ಗೆ ಮುದುಕರೊಬ್ಬರು ಬಂದು, "ಕ್ಯಾಸಂಬಳ್ಳಿಗೆ ಓಯ್ತಾ ಇವ್ನಿ, ಮಗಳ ಮನೇಗೆ. ಬರ್ಕಳಿ," ಅಂದರು.

"ನೀವು ಹೇಳಬೇಕಾಗಿಲ್ಲ ಯಜಮಾನರೇ, ಆರಾಮಾಗಿ ಹೋಗಿಬನ್ನಿ."

"ಯಾಕೆ? ಅವನು ಓದ್ರೆ ಬರ್ಕತೀರಿ, ನಾನು ಓದ್ರೆ ಬರ್ಕಳಲ್ವಾ? ಉಟ್ಟಿದ್ದು ಇದೇ ಊರಾಗೆ ಅಂತ ನನಗೆ ಬೆಲೆ ಇಲ್ವಾ?"

ಬಸ್ಸು ಹೊರಟಿತ್ತು, ಅವರು ಹೊರಡಲಿಲ್ಲ. ಕೊನೆಗೆ ಒಂದು ರದ್ದಿ ಕಾಗದದ ಮೇಲೆ ಬರೆದಂತೆ ಮಾಡಿ ಕಳಿಸಿದೆ. ಅದೇ ನಾನು ಮಾಡಿದ ತಪ್ಪು. ಮಾರನೆಯ ವಾರದಿಂದ ಸಂತೆಗೆ ಹೋಗುವವರು, ಹೆಣ್ಣು ನೋಡಲು ಹೋಗುವವರು, ಕೆ.ಜಿ.ಎಫ್.ಗೆ ಸಿನಿಮಾ ನೋಡಲು ಹೋಗುವವರು ಎಲ್ಲರೂ ಠಾಣೆಗೆ ಬಂದು ಹೇಳಿ ಹೋಗತೊಡಗಿದರು. ಯಾರು ಯಾವ ಊರಲ್ಲಿದ್ದಾರೆ ಎನ್ನುವುದು ಅವರ ಹೆಂಡತಿಗಿಂತ ಚೆನ್ನಾಗಿ ನನಗೆ ಗೊತ್ತಿರುತ್ತಿತ್ತು.

ಒಂದು ದಿನ ಒಬ್ಬ ಹೊಸ ಸೊಸೆ ಸೆರಗು ಸರಿಮಾಡಿಕೊಂಡು ಬಾಗಿಲಲ್ಲಿ ನಿಂತಳು.

"ನಮ್ಮತ್ತೆ ತವರಿಗೆ ಓಗವ್ರೆ. ಎಂದು ಬತ್ತೀನಿ ಅಂತ ಬರ್ಸವ್ರೆ ಸ್ವಾಮಿ?"

"ಸೋಮವಾರ ಅಂದರಮ್ಮ."

ಅವಳು ಆಚೆ ಈಚೆ ನೋಡಿ ದನಿ ತಗ್ಗಿಸಿದಳು. "ಪರ್ಮಿಟ್ಟು ಇನ್ನೊಂದು ವಾರ ಜಾಸ್ತಿ ಮಾಡಿಕೊಡಿ."

ಗುಂಡಿ

ದೊರೆ ಅಜ್ಜಿಯ ಹಿತ್ತಲಲ್ಲಿ ಗೊಬ್ಬರದ ಗುಂಡಿ ತೋಡಲು ಶುರುಮಾಡಿದ. ತಿಪ್ಪೆಯನ್ನು ಬಯಲಲ್ಲಿ ರಾಶಿ ಹಾಕಿದರೆ ಸಾರವೆಲ್ಲ ಬಿಸಿಲಿಗೆ ಹೋಗುತ್ತದೆ, ಗುಂಡಿಯಲ್ಲಿ ಹಾಕಿ ಮುಚ್ಚಿದರೆ ಒಳ್ಳೆಯ ಗೊಬ್ಬರವಾಗುತ್ತದೆ ಎಂದು ಎಲ್ಲರಿಗೂ ಹೇಳಿದ. ಎಲ್ಲರೂ ತಲೆಯಾಡಿಸಿದರು. ಒಬ್ಬರೂ ನಂಬಲಿಲ್ಲ. ಕೂಗಳತೆಯಲ್ಲಿ ಚಿನ್ನದ ಗಣಿ ಇಟ್ಟುಕೊಂಡ ಸೀಮೆ ನಮ್ಮದು. ಬಿಳಿಯವನು ನೆಲ ಅಗೆದ ಅಂದರೆ ಏತಕ್ಕೆ ಎಂದು ಮೂರು ತಲೆಮಾರಿನಿಂದ ನೋಡಿದ್ದರು.

ವಾರ ಕಳೆಯುವುದರೊಳಗೆ ಊರಿನ ಹಿತ್ತಲುಗಳಲ್ಲೆಲ್ಲ ಗುಂಡಿ. ದೊರೆ ಎಷ್ಟು ಆಳ ತೋಡಿದ್ದನೋ ಅದಕ್ಕಿಂತ ಒಂದು ಮೊಳ ಜಾಸ್ತಿ. ನಿನ್ನ ಗುಂಡಿ ನನ್ನ ಹಿತ್ತಲಿಗೆ ಬಂತು ಎಂದು ಇಬ್ಬರು ಕೈಕೈ ಮಿಲಾಯಿಸಿ ಠಾಣೆಗೆ ಬಂದಾಗಲೇ ನನಗೆ ವಿಷಯ ತಿಳಿದದ್ದು. ಹೋಗಿ ನೋಡಿದರೆ ದೊರೆ ಗುಂಡಿಯಿಂದ ಗುಂಡಿಗೆ ಓಡಾಡುತ್ತ, ಕಣ್ಣಲ್ಲಿ ನೀರು ತುಂಬಿಕೊಂಡು, "ನೋಡಿ ಸ್ವಾಮಿ, ಜನ ನನ್ನ ಮಾತನ್ನು ಆಲಿಸಿದರು!" ಅನ್ನುತ್ತಿದ್ದ. ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ಪಾಪ, ಅಷ್ಟು ಸಂತೋಷಪಟ್ಟ ಮುಖವನ್ನು ನಾನು ಠಾಣೆಯ ಕೆಲಸದಲ್ಲಿ ಕಂಡದ್ದೇ ಕಡಿಮೆ.

ಊರಿನವರು ಆಂಡರ್ಸನ್‌ಪೇಟೆಯಿಂದ ಗಣಿಯಲ್ಲಿ ದುಡಿದು ನಿವೃತ್ತರಾದ ಒಬ್ಬರನ್ನು ಗುಟ್ಟಾಗಿ ಕರೆಸಿದರು. ಅವರು ಒಂದೊಂದು ಗುಂಡಿಯಿಂದಲೂ ಮಣ್ಣು ತೆಗೆದು ಉಜ್ಜಿ, ಮೂಸಿ ನೋಡಿ, "ಇದು ಬರೀ ಮಣ್ಣುದಾನಪ್ಪಾ," ಎಂದು ತಮ್ಮ ತಮಿಳುಗನ್ನಡದಲ್ಲಿ ಹೇಳಿ, ಕೈಕೊಡವಿ ಕಾಫಿ ಕುಡಿದು ಹೋದರು. ತೋಡಿದ ಗುಂಡಿ ಏನು ಮಾಡುವುದು? ಮುಚ್ಚುವುದಕ್ಕೂ ಬೆವರು ಸುರಿಸಬೇಕು. ಬೇರೆ ದಾರಿ ಕಾಣದೆ ತಿಪ್ಪೆ ತಂದು ಅದಕ್ಕೇ ಹಾಕಿದರು. ಆ ಸಲ ರಾಗಿ ತೆನೆ ಮುಷ್ಟಿಗೆ ಸಿಗದಷ್ಟು ದಪ್ಪ ಬಂತು.

ವರ್ಷಗಟ್ಟಲೆ ಗೊಬ್ಬರದ ಗುಂಡಿಯ ಭಾಷಣ ಮಾಡಿ ಸುಸ್ತಾಗಿದ್ದ ಗ್ರಾಮಸೇವಕರು ಬಂದು ನೋಡಿ ಊರಿನ ಯಜಮಾನರನ್ನು ಕೇಳಿದರು: "ಅಲ್ಲಯ್ಯಾ, ನಾನು ಹೇಳಿದಾಗ ಯಾಕೆ ತೋಡಲಿಲ್ಲ?"

ಯಜಮಾನರು ಅಂದರು: "ನೀವು ಗೊಬ್ಬರ ಅಂದ್ರೆ ಗೊಬ್ಬರವೇಯಾ ಅಂತ ನಂಬಿದ್ವಿ ಸ್ವಾಮಿ."

ವಿಚಾರಣೆ

ಆ ಹಳ್ಳಿಯಲ್ಲಿ ಕುಡಿಯುವ ನೀರಿಗೆ ನೆಟ್ಟಗೆ ಒಂದು ಬಾವಿ ಇರಲಿಲ್ಲ. ಮೇಲಿನ ಬೀದಿಯವರು ತಮ್ಮ ಕಡೆ ತೋಡಬೇಕು ಅನ್ನುತ್ತಿದ್ದರು, ಕೆಳಗಿನ ಬೀದಿಯವರು ತಮ್ಮ ಕಡೆ. ಈ ಜಗಳಕ್ಕೆ ನನ್ನ ಸರ್ವೀಸಿಗಿಂತ ಜಾಸ್ತಿ ವಯಸ್ಸಾಗಿತ್ತು. ದೊರೆ ಯಾರ ನೆಂಟನೂ ಅಲ್ಲವಲ್ಲ, ಅವನು ನಡುವೆ ಒಂದು ಜಾಗ ತೋರಿಸಿ ತಾನೇ ಗುದ್ದಲಿ ಹಿಡಿದು ಇಳಿದ. ಅವನ ಹಿಂದೆ ಎರಡು ಬೀದಿಯವರೂ ಇಳಿದರು. ಬಾವಿ ಅರ್ಧ ಆಗಿತ್ತು. ದೊರೆ ಹೋದನೆಂದರೆ ಮಾರನೆಯ ದಿನವೇ ಗುದ್ದಲಿಗಳು ಮನೆ ಸೇರುತ್ತವೆ ಎಂದು ಎಲ್ಲರಿಗೂ ಗೊತ್ತಿತ್ತು.

ಸರಿಯಾಗಿ ಆಗಲೇ ಪರ್ಮಿಟ್ಟಿನ ವರ್ಷ ತುಂಬುತ್ತ ಬಂತು. ಅದರ ಮೇಲೊಂದು ಮೂಗರ್ಜಿ: ವಿದೇಶಿಯವನು ಹೊಲಗಳಲ್ಲಿ ದುಡಿದು ಪ್ರತಿಫಲ ಪಡೆಯುತ್ತಿದ್ದಾನೆ ಅಂತ. ಯಾರು ಬರೆದರೋ ಹಾಳಾದವರು! ಮೇಲಿನ ಕಚೇರಿಯಿಂದ ಒಬ್ಬ ಅಧಿಕಾರಿ ವಿಚಾರಣೆಗೆ ಬರುತ್ತಾರೆಂದು ಸುದ್ದಿ ಬಂತು. ನನಗೆ ಅನ್ನ ಸೇರಲಿಲ್ಲ. ಆ ಹುಡುಗನ ಮೇಲೆ ಅಷ್ಟು ಅಭಿಮಾನ ಬಂದುಬಿಟ್ಟಿತ್ತು. ಹಿಂದಿನ ದಿನವೇ ಹಳ್ಳಿಗೆ ಹೋಗಿ ಎಲ್ಲರನ್ನೂ ಕೂರಿಸಿ, "ಏನೂ ಕೊಟ್ಟಿಲ್ಲ ಅಂತ ಹೇಳಿ, ಸಾಕು," ಎಂದು ಪಾಠ ಒಪ್ಪಿಸಿಕೊಂಡು ಬಂದೆ.

ಅಧಿಕಾರಿ ಕೋಟು ಹಾಕಿಕೊಂಡು ಬಂದರು. ಅವರೆಕಾಯಿ ಕಾಲ. ಮಧ್ಯಾಹ್ನ ಅಜ್ಜಿಯ ಮನೆಯಲ್ಲಿ ಹಿತಕಿದ ಅವರೆಬೇಳೆ ಸಾರಿನಲ್ಲಿ ಮುದ್ದೆ ಉಂಡು, ಇನ್ನೊಂದು ಅರ್ಧ ಹಾಕಿಸಿಕೊಂಡು, ಬಾವಿಯ ಪಕ್ಕದ ಹುಣಸೆ ಮರದ ಕೆಳಗೆ ವಿಚಾರಣೆಗೆ ಕೂತರು. ದೊರೆ ಬಾವಿಯೊಳಗೆ ಅಗೆಯುತ್ತಲೇ ಇದ್ದ.

"ಈತ ನಿಮ್ಮ ಹೊಲದಲ್ಲಿ ಕೆಲಸ ಮಾಡಿದ್ದಾನೋ?" ಎಂದು ಯಜಮಾನರನ್ನು ಕೇಳಿದರು.

"ಮಾಡವ್ನೆ ಸ್ವಾಮಿ. ರಾಗಿ ಕುಯ್ದವ್ನೆ."

"ಅದಕ್ಕೆ ಏನು ಕೊಟ್ಟಿರಿ?"

"ಏನೂ ಕೊಟ್ಟಿಲ್ಲ."

ನನಗೆ ಹೋದ ಜೀವ ಬಂತು. ಅಷ್ಟರಲ್ಲಿ ಅಧಿಕಾರಿ ಕನ್ನಡಕದ ಮೇಲಿಂದ ನೋಡಿ, "ಅಂದರೆ ಪರದೇಶದ ಹುಡುಗನ ಕೈಲಿ ಬಿಟ್ಟಿ ಚಾಕರಿ ಮಾಡಿಸಿಕೊಂಡಿರಿ," ಅಂದುಬಿಟ್ಟರು.

ಯಜಮಾನರು ಟವೆಲ್ ಕೊಡವಿ ಎದ್ದು ನಿಂತರು. "ಏನಂದ್ರಿ? ಬಿಟ್ಟಿನಾ? ನಮ್ಮ ವಂಶದಾಗೆ ಯಾರೂ ಬಿಟ್ಟಿ ಮಾಡಿಸ್ಕೊಂಡಿಲ್ಲ! ಅವನು ನನ್ನ ಒಲಕ್ಕೆ ಬಂದ, ನಾನು ಅವನ ಬಾವಿಗೆ ಬಂದೆ. ಮುಯ್ಯಿ ತೀರಿಸಿವ್ನಿ!"

ಇವತ್ತು ನೀನು ನನ್ನ ಹೊಲದಲ್ಲಿ ದುಡಿದರೆ ನಾಳೆ ನಾನು ನಿನ್ನ ಹೊಲದಲ್ಲಿ ದುಡಿಯಬೇಕು, ಅದೇ ಮುಯ್ಯಿ. ಹಳ್ಳಿಯಲ್ಲಿ ಮುಯ್ಯಿ ಉಳಿಸಿಕೊಂಡವನು ತಲೆಯೆತ್ತಿ ತಿರುಗುವ ಹಾಗಿಲ್ಲ. ಸರಿ, ಒಬ್ಬರು ಎದ್ದರೆ ಇನ್ನೊಬ್ಬರು ಕೂರುತ್ತಾರೆಯೇ? "ನಾನೂ ತೀರಿಸಿವ್ನಿ, ಬರ್ಕಳಿ!" "ನಂದು ಒಂದಿನ ಜಾಸ್ತಿನೇ ಆಗೈತೆ, ಬರ್ಕಳಿ!" ಮೇಲಿನ ಬೀದಿಗೂ ಕೆಳಗಿನ ಬೀದಿಗೂ ಪೈಪೋಟಿಯೇ ಬಿತ್ತು. ಅವರ ಮಾನ ಒಂದೊಂದು ಮೆಟ್ಟಿಲು ಏರಿದಂತೆ ದೊರೆಯ ಪರ್ಮಿಟ್ ಒಂದೊಂದು ಮೆಟ್ಟಿಲು ಇಳಿಯುತ್ತಿತ್ತು. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ.

"ಇದು ಪ್ರತಿಫಲವೇ," ಎಂದು ಅಧಿಕಾರಿ ಪೆನ್ನು ತೆಗೆದರು. ಬರೆಯುವ ಮುಂಚೆ ಏನೋ ಹೊಳೆದಂತೆ ನಿಲ್ಲಿಸಿದರು. "ಇರಿ. ಬಾವಿ ಯಾರದು?"

"ನಮ್ದೇ."

"ನೀರು ಕುಡಿಯೋರು?"

"ನಾವೇ."

"ಅವನು ನಿಮ್ಮ ಹೊಲದಲ್ಲಿ ದುಡಿದ. ಅದಕ್ಕೆ ಮುಯ್ಯಿ ಅಂತ ನೀವು ನಿಮ್ಮದೇ ಬಾವಿ ತೋಡಿದಿರಿ. ಅದರಲ್ಲೂ ಅವನೇ ಇಳಿದು ಅಗೀತಿದಾನೆ. ಇದರಲ್ಲಿ ಅವನಿಗೆ ಸಿಕ್ಕಿದ್ದೇನ್ರಯ್ಯಾ?"

ಯಜಮಾನರು ಮೆಲ್ಲಗೆ ಕೂತರು. "ಅಂಗಾರೆ ಮುಯ್ಯಿ ತೀರೇ ಇಲ್ಲ!" ಅಂದರು.

ಆದರೂ ಅಧಿಕಾರಿ ಪೂರ್ತಿ ಕರಗಲಿಲ್ಲ. ಅಜ್ಜಿಯ ಮನೆಯಲ್ಲಿ ಅವನು ದಿನಾ ಮುದ್ದೆ ಉಣ್ಣುತ್ತಾನಲ್ಲ, ಅದು ಪ್ರತಿಫಲವಲ್ಲವೇ ಎಂದು ಹೊಸ ತಕರಾರು ತೆಗೆದರು. ಅಲ್ಲಿಯವರೆಗೆ ಸುಮ್ಮನಿದ್ದ ಅಜ್ಜಿ ಎದ್ದು ಬಂದಳು.

"ಮುದ್ದೆ ಉಂಡಿದ್ದು ಕೂಲಿಯಾ? ಈಗ ತಾನೆ ನೀವೂ ಉಂಡ್ರಿ. ಒಂದೂವರೆ ಉಂಡ್ರಿ. ಅಂಗಾರೆ ಏಳಿ, ರಾಟೆ ಅಗ್ಗ ಇಡೀರಿ. ಮುಯ್ಯಿ ಉಳಿಸ್ಕೊಂಡು ಓಗೋರ ಅಂಗೆ ಕಾಣಕಿಲ್ಲ ನೀವು."

ಅಧಿಕಾರಿಯ ಮುಖ ಕೆಂಪಾಯಿತು. ನನ್ನ ನೌಕರಿ ಇವತ್ತಿಗೆ ಮುಗಿಯಿತು ಅಂದುಕೊಂಡೆ. ಅವರೂ ಎಲ್ಲೋ ಹಳ್ಳಿಯಲ್ಲಿ ಹುಟ್ಟಿದವರೇ ಇರಬೇಕು. ಸುಮ್ಮನೆ ಎದ್ದು, ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು, ಹಗ್ಗಕ್ಕೆ ಕೈಹಾಕಿ ಮಣ್ಣಿನ ಮಂಕರಿ ಎಳೆಯತೊಡಗಿದರು.

ಬಾವಿಯೊಳಗಿನಿಂದ ತಲೆಯೆತ್ತಿ ನೋಡಿದ ದೊರೆ ಗಾಬರಿಯಿಂದ ಕೂಗಿದ: "ಸ್ವಾಮಿ, ದಯವಿಟ್ಟು ಕೂಲಿ ತೆಗೆದುಕೊಳ್ಳಬೇಡಿ! ಪರ್ಮಿಟ್ ರದ್ದಾಗುತ್ತದೆ!"

ಎರಡು ಬೀದಿಯೂ ಒಟ್ಟಿಗೆ ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಧಿಕಾರಿಯೂ ನಕ್ಕರು. ನಗುತ್ತ ಮತ್ತೊಂದು ಮಂಕರಿ ಎಳೆದು, ಏದುಸಿರು ಬಿಡುತ್ತ ನನ್ನ ಕಡೆ ತಿರುಗಿ, "ಬರ್ಕೊಳ್ರೀ ರೈಟರ್. ಈ ಊರಲ್ಲಿ ಯಾರಿಗೂ ಕೂಲಿ ಸಿಕ್ಕಿಲ್ಲ, ನನಗೂ ಸಿಕ್ಕಿಲ್ಲ. ಇನ್ನೊಂದು ವರ್ಷ ಇರಲಿ ಬಿಡಿ," ಅಂದರು.

ನಾನು ಕೋಟನ್ನು ಹೆಗಲ ಮೇಲೆ ಹಾಕಿಕೊಂಡು ಬರೆದುಕೊಂಡೆ. ಕಣ್ಣು ಮಂಜಾಗಿ ಅಕ್ಷರ ಸೊಟ್ಟಗಾದವು. ಪಕ್ಕದಲ್ಲಿ ನಿಂತಿದ್ದ ಅಜ್ಜಿ, ಅಂಗಿಯೆಲ್ಲ ಮಣ್ಣು ಮಾಡಿಕೊಂಡು ಹಗ್ಗ ಎಳೆಯುತ್ತಿದ್ದ ಅಧಿಕಾರಿಯನ್ನು ಬಹಳ ಹೊತ್ತು ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿ ಮರುಕದಿಂದ ಹೇಳಿದಳು:

"ಪಾಪ, ಇವ್ರೂ ಮನೇಲಿ ಜಗಳ ಆಡ್ಕೊಂಡೇ ಬಂದವ್ರೆ."