ಪಕ್ಕದ ಮನೆ ದೊರೆಯ ಸಂಗೀತ

ಮೈಸೂರು ಬಿಟ್ಟು ಕಡಲಾಚೆಯ ಪೆಟಾಲಿಂಗ್ ಜಯಾ ಎಂಬ ಊರಿನ ಮಗಳ ಮನೆ ಸೇರಿದ ಮೇಲೆ ಮಧ್ಯಾಹ್ನ ನೆಮ್ಮದಿಯಾಗಿ ನಿದ್ದೆ ಮಾಡಬಹುದು ಅಂದುಕೊಂಡಿದ್ದೆ. ಪಕ್ಕದ ಫ್ಲಾಟಿನಲ್ಲಿ ಸಂಗೀತ ಬರೆಯುವ ಇಂಗ್ಲಿಷ್ ಹಿರಿಯರೊಬ್ಬರಿದ್ದಾರೆ. ನಾವು ಇಟ್ಟ ಹೆಸರು ದೊರೆ. ಅವರಿರುವವರೆಗೆ ನನಗೆ ಮುಂದೆ ಹೇಳುವಂಥ ಪಾಡು ತಪ್ಪಿದ್ದಲ್ಲ.

೧. ಗುರು ಯಾರು?

ಲಿಫ್ಟಿನಲ್ಲಿ ಮೊದಲ ಸಲ ಸಿಕ್ಕಾಗ, ತಮ್ಮ ಕಡೆಯ ಶಾಸ್ತ್ರೀಯ ಸಂಗೀತ ಬರೆಯುತ್ತೇನೆ ಎಂದರು. ನಮ್ಮಲ್ಲಿ ಮೊದಲು ಕೇಳುವುದನ್ನೇ ಕೇಳಿದೆ. "ಗುರುಗಳು ಯಾರು?"

"ಯಾರೂ ಇಲ್ಲ, ಆಂಟಿ. ಪುಸ್ತಕ ನೋಡಿ ನಾನೇ ಕಲಿತೆ."

ಈ ಊರಿನಲ್ಲಿ ಎಲ್ಲರಿಗೂ ನಾನು ಆಂಟಿಯೇ, ಸರಿ. ನನಗಿಂತ ಹಿರಿಯರೂ ಹಾಗನ್ನಬೇಕೆ?

"ತಪ್ಪಾದರೆ ತಿದ್ದುವವರು?"

"ಅವರೂ ಇರಲಿಲ್ಲ."

"ಗೋಡೆಯಾಚೆಗೂ ಗೊತ್ತಾಗುತ್ತೆ," ಎಂದೆ.

ಹೊಗಳಿಕೆ ಅಂದುಕೊಂಡರು. ಅಂದಿನಿಂದ ಪಿಯಾನೊ ನಮ್ಮ ಗೋಡೆಗೇ ಒತ್ತಿ ನಿಂತಿದೆ.

೨. ತಲೆದೂಗಿದ್ದು

ಹೊಸ ರಚನೆ ಕೇಳಲು ಕರೆದರು. ಸಂಗೀತ ಕಾಲೇಜಿನಲ್ಲಿ ಕಲಿಯದವರೆಂದು ಅವರ ರಚನೆಗಳನ್ನು ಯಾರೂ ನುಡಿಸಿರಲಿಲ್ಲವಂತೆ. "ಸಾಯೋದರೊಳಗೆ ಒಂದು ಸಲ, ನಾನು ಬರೆದದ್ದನ್ನ ಬೇರೆಯವರು ಕೊನೆಯವರೆಗೂ ನುಡಿಸೋದು ಕೇಳಬೇಕು," ಎಂದರು.

ಪಾಪ ಅನ್ನಿಸಿ ಕೂತೆ. ಒಂದು ಕಡೆ ನಿಜಕ್ಕೂ ಚೆನ್ನಾಗಿತ್ತು, ನಮ್ಮವರ ಹಾಗೆ ಅತ್ತಿತ್ತ ತಲೆದೂಗಿದೆ. ಅವರು ಥಟ್ಟನೆ ನಿಲ್ಲಿಸಿ, "ಇದು ಬೇಡ ಅಂತೀರಾ?" ಎಂದು ಬರೆದ ಹಾಳೆಯಲ್ಲಿ ಅಷ್ಟನ್ನೂ ಹೊಡೆದುಹಾಕಿದರು.

"ಅಯ್ಯೋ, ಚೆನ್ನಾಗಿತ್ತು!"

"ನೀವು ತುಂಬಾ ಒಳ್ಳೆಯವರು. ಸಮಾಧಾನ ಹೇಳಬೇಡಿ."

ಚೆನ್ನಾಗಿದ್ದಲ್ಲೆಲ್ಲ ನನ್ನ ತಲೆ ತೂಗಿತು, ತೂಗಿದಲ್ಲೆಲ್ಲ ಅವರು ಹೊಡೆದುಹಾಕಿದರು. ಕೊನೆಗೆ ಎರಡೂ ಕೈಯಿಂದ ಕತ್ತು ಹಿಡಿದುಕೊಂಡು ಕೂತೆ. ಮರುದಿನ ನಮ್ಮ ಬಾಗಿಲಲ್ಲಿ ಕತ್ತುನೋವಿನ ಮುಲಾಮು.

೩. ಸನ್ಮಾನ

ಕೊನೆಗೆ ನಾನೇ ಕನ್ನಡ ಸಂಘದ ಅಧ್ಯಕ್ಷರನ್ನು ಕಾಡಿ ಯುಗಾದಿ ಕಾರ್ಯಕ್ರಮದಲ್ಲಿ ಅವಕಾಶ ಕೊಡಿಸಿದೆ. "ಊಟಕ್ಕೆ ಮೊದಲೇ ಮುಗೀಬೇಕು ಲಾ, ಅಮ್ಮ. ಬಿಸಿಬೇಳೆಭಾತ್ ಆರಿದರೆ ಜನ ನನ್ನ ಬೈತಾರೆ," ಎಂದರು ಅಧ್ಯಕ್ಷರು, ಈ ಊರಿನವರ ಹಾಗೆ ಮಾತಿಗೊಂದು 'ಲಾ' ಸೇರಿಸಿ.

ಪಿಟೀಲು ಕಲಿಯುವ ಕೆಲವು ವಿದ್ಯಾರ್ಥಿಗಳು ನುಡಿಸಿದರು. ದೊರೆ ಎದುರು ನಿಂತು ಕೈಯಾಡಿಸಿದರು. ನಡುವೆ ಒಂದು ಉದ್ದನೆಯ ಮೌನ, ಬೇಕೆಂದೇ ಬರೆದದ್ದು. ದೊರೆ ಕೈಯೆತ್ತಿ ಕಣ್ಣು ಮುಚ್ಚಿದರು.

ಮುಗಿಯಿತೆಂದು ಅಧ್ಯಕ್ಷರು ವೇದಿಕೆ ಹತ್ತಿಯೇಬಿಟ್ಟರು. ಶಾಲು ಹೊದಿಸಿದರು, ಮೈಸೂರು ಪೇಟ ಇಟ್ಟರು, ಎತ್ತಿದ ಕೈಗೇ ಹಣ್ಣಿನ ಬುಟ್ಟಿ ಕೊಟ್ಟರು. ಪೇಟ ಮೂಗಿನವರೆಗೆ ಜಾರಿತು. ಜನ ಊಟಕ್ಕೆ ಎದ್ದರು.

"ಕೂತ್ಕೊಳ್ರೀ, ಇನ್ನೂ ಮುಗಿದಿಲ್ಲ!" ಎಂದು ನಾನು ಕಿರುಚಿದೆ. ಕೇಳುವವರಾರು?

ದೊರೆ ಬುಟ್ಟಿ ಇಡಲು ಬಗ್ಗಿದರು. ಅದೇ ಸನ್ನೆ ಎಂದುಕೊಂಡು ಹುಡುಗರು ಶುರುಮಾಡಿದರು. ಶಾಲಿನಿಂದ ಕೈ ಬಿಡಿಸಿಕೊಳ್ಳಲು ದೊರೆ ಒದ್ದಾಡಿದಷ್ಟೂ ಪಿಟೀಲುಗಳ ಓಟ ಜೋರಾಯಿತು. ಕೊನೆಗೆ ಪೇಟ ಕಿತ್ತು ನೆಲಕ್ಕೆ ಬಡಿದರು. ಕೊನೆಯ ಸ್ವರ ಮುಟ್ಟಿ ಎಲ್ಲ ಪಿಟೀಲೂ ಒಟ್ಟಿಗೇ ನಿಂತವು. ಊಟದ ಸಾಲಿನಲ್ಲಿದ್ದವರು ತಟ್ಟೆ ಬಡಿದು ಮೆಚ್ಚಿದರು.

ಯಾವ ಮುಖ ಹೊತ್ತು ಕ್ಷಮೆ ಕೇಳಲಿ ಎಂದು ಹತ್ತಿರ ಹೋದರೆ ಅವರ ಕಣ್ಣಲ್ಲಿ ನೀರು.

"ಕೊನೆಯವರೆಗೂ ನುಡಿಸಿದರು, ಆಂಟಿ! ಅಭ್ಯಾಸದಲ್ಲಿ ಒಂದು ದಿನವೂ ಇಷ್ಟು ಚೆನ್ನಾಗಿ ಬಂದಿರಲಿಲ್ಲ. ಮುಂದಿನ ಸಲವೂ ಸರಿಯಾಗಿ ಅಲ್ಲೇ ಬಂದು ಶಾಲು ಹೊದಿಸಲಿ. ಪೇಟ ಮಾತ್ರ ಸ್ವಲ್ಪ ಸಣ್ಣದು ತರೋಕೆ ಹೇಳಿ."