ಹಿರಿಯರನ್ನು ಕರೆದುಕೊಂಡು ಹೆಣ್ಣು ನೋಡಲು ಹೋದದ್ದು

ಮನುಷ್ಯರನ್ನು ಒಮ್ಮೆ ನೋಡಿದರೆ ಸಾಕು, ಅವರ ಒಳಗೇನಿದೆ ಎಂದು ಹೇಳಿಬಿಡಬಲ್ಲೆ ಎಂಬ ನಂಬಿಕೆ ಹರೆಯದಲ್ಲಿ ನನಗೆ ಬಹಳ ಗಟ್ಟಿಯಾಗಿತ್ತು. ಈ ವಿದ್ಯೆ ನನಗೆ ಬಂದದ್ದು ನನ್ನ ಸೋದರಮಾವ ಚಂದ್ರಪ್ಪನವರಿಂದ. ತರೀಕೆರೆಯಲ್ಲಿ ಅವರದು ಕೊಬ್ಬರಿ ಮಂಡಿ. ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಕೊಬ್ಬರಿ ಎಂಥದ್ದೆಂದು ಹೇಳುತ್ತಿದ್ದರು. ಮನುಷ್ಯರನ್ನೂ ಹಾಗೆಯೇ ಅಲ್ಲಾಡಿಸಿ ನೋಡದೆ ನಂಬಬಾರದು ಎಂಬುದು ಅವರ ಸಿದ್ಧಾಂತ. ಅಪ್ಪ ಅಮ್ಮ ಇಲ್ಲದ ನನ್ನನ್ನು ಸಾಕಿ, ಎಸ್ಸೆಸ್ಸೆಲ್ಸಿವರೆಗೆ ಓದಿಸಿ, ಮಂಡಿಯಲ್ಲಿ ಕಾಗದ ಪತ್ರ ಬರೆಯಲು ಕೂರಿಸಿಕೊಂಡವರು ಅವರೇ. ನನ್ನನ್ನೂ ದಿನಕ್ಕೊಮ್ಮೆ ಅಲ್ಲಾಡಿಸಿ ನೋಡುತ್ತಿದ್ದರು.

ಪಾಕಿಸ್ತಾನದ ಜೊತೆ ಯುದ್ಧ ಮುಗಿದ ಮರುವರ್ಷ ಮಂಡಿಯ ಮಹಡಿಯ ಕೋಣೆಗೆ ಇಬ್ಬರು ಅಮೆರಿಕದ ಹುಡುಗರು ಬಾಡಿಗೆಗೆ ಬಂದರು. ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. ಬಿಳಿ ಅಂಗಿ, ಕಪ್ಪು ಟೈ, ಸೈಕಲ್ಲು. ಮಾರ್ಮನ್ ಎಂಬ ಕ್ರೈಸ್ತ ಪಂಥದವರಂತೆ. ಎರಡು ವರ್ಷ ಮನೆ ಬಿಟ್ಟು ದೇಶಾಂತರ ಹೋಗಿ ಧರ್ಮ ಪ್ರಚಾರ ಮಾಡುವುದು ಅವರಲ್ಲಿ ಪದ್ಧತಿಯಂತೆ. ಒಬ್ಬ ಎಲ್ಡರ್ ಪಾರ್ಕರ್, ಇನ್ನೊಬ್ಬ ಎಲ್ಡರ್ ಮಿಲ್ಲರ್. ಇಬ್ಬರಿಗೂ ಒಂದೇ ಹೆಸರು ಯಾಕಿದೆ ಎಂದು ಮಾವನಿಗೆ ಮೊದಲ ಅನುಮಾನ. ಎಲ್ಡರ್ ಎಂದರೆ ಹಿರಿಯ, ಅದು ಪದವಿ ಎಂದು ನಾನು ವಿವರಿಸಿದೆ. ಹತ್ತೊಂಬತ್ತು ವರ್ಷದ ಹುಡುಗ ಹಿರಿಯ ಹೇಗಾಗುತ್ತಾನೆ ಎಂದು ಎರಡನೆಯ ಅನುಮಾನ. ಊರವರು ಈ ಗೊಡವೆಗೆ ಹೋಗದೆ ಇಬ್ಬರನ್ನೂ ಎಲ್ಡರಪ್ಪ ಎಂದು ಕರೆದು ಮುಗಿಸಿದರು.

ಅನುಮಾನವಿದ್ದರೂ ಬರುವ ಬಾಡಿಗೆಯನ್ನು ಕಳೆದುಕೊಳ್ಳುವ ಮನಸ್ಸು ಮಾವನಿಗಿರಲಿಲ್ಲ. ಹಾಗಾಗಿ ಕಣ್ಣಿಡುವ ಕೆಲಸ ನನ್ನ ಪಾಲಿಗೆ ಬಂತು. ನಾನು ಕಂಡದ್ದೆಲ್ಲ ಸಂಶಯಾಸ್ಪದವಾಗಿಯೇ ಇತ್ತು. ಸೂರ್ಯ ಹುಟ್ಟುವ ಮೊದಲೇ ಎದ್ದು ಪುಸ್ತಕ ಓದುತ್ತಿದ್ದರು. ಒಬ್ಬನನ್ನು ಬಿಟ್ಟು ಇನ್ನೊಬ್ಬ ಬೀದಿ ತಿರುವಿಗೂ ಹೋಗುತ್ತಿರಲಿಲ್ಲ. ಮನೆ ಮನೆಗೆ ಹೋಗಿ ಬಾಗಿಲು ತಟ್ಟುತ್ತಿದ್ದರು. ಬೈದು ಕಳುಹಿಸಿದವರಿಗೂ ಕೈ ಮುಗಿಯುತ್ತಿದ್ದರು. ಯಾರದಾದರೂ ಹುಲ್ಲಿನ ಗಾಡಿ ಹೂತುಕೊಂಡರೆ ಟೈಯನ್ನು ಬೆನ್ನ ಮೇಲೆ ಎಸೆದುಕೊಂಡು ಚಕ್ರಕ್ಕೆ ಹೆಗಲು ಕೊಡುತ್ತಿದ್ದರು. ಸೋಮವಾರ ಮಾತ್ರ ಪ್ರಚಾರವಿಲ್ಲ. ಬಾವಿಕಟ್ಟೆಯಲ್ಲಿ ತಮ್ಮ ಬಟ್ಟೆ ತಾವೇ ಒಗೆದು, ಮನೆಗೆ ಉದ್ದುದ್ದ ಕಾಗದ ಬರೆಯುತ್ತಿದ್ದರು. ಬೀಡಿ ಇಲ್ಲ, ಹೆಂಡವಿಲ್ಲ, ಟೀ ಕೂಡ ಇಲ್ಲ. ಇಷ್ಟಾದರೂ ಸಹಿಸಬಹುದಿತ್ತು. ಕಾಫಿಯನ್ನೂ ಕುಡಿಯುತ್ತಿರಲಿಲ್ಲ. ಬಾಬಾಬುಡನ್‌ಗಿರಿಯ ಕೆಳಗೆ ಕೂತು ಕಾಫಿ ಬೇಡ ಎನ್ನುವವನು ಬೇರೆ ಏನೋ ಕೆಲಸದ ಮೇಲೆ ಬಂದಿರಲೇಬೇಕು ಎಂದು ಮಾವ ಖಚಿತವಾಗಿ ಹೇಳಿದರು. ಲಕ್ಕವಳ್ಳಿ ಅಣೆಕಟ್ಟಿನ ಮೇಲೆ ಇವರ ಕಣ್ಣಿದೆ ಎಂಬುದು ಅವರ ಗುಮಾನಿ. ನಾನು ಹೌದೆಂದು ತಲೆಯಾಡಿಸಿದೆ.

ಅಷ್ಟರಲ್ಲಿ ಮಿಲ್ಲರನಿಗೆ ಕಾಮಾಲೆಯಾಯಿತು. ಬೆಂಗಳೂರಿನಿಂದ ಅವರ ಪಂಥದ ದೊಡ್ಡವರೊಬ್ಬರು ಬಂದು ಅವನನ್ನು ಆಸ್ಪತ್ರೆಗೆ ಕರೆದೊಯ್ದರು. ಹೋಗುವಾಗ ಮಾವನ ಹತ್ತಿರ ಒಂದು ವಿನಂತಿ ಮಾಡಿಕೊಂಡರು: ಮಿಲ್ಲರ್ ಹುಷಾರಾಗಿ ಬರುವತನಕ ಪಾರ್ಕರ್ ಒಂಟಿಯಾಗಿರಬಾರದು, ಅದು ಅವರ ನಿಯಮ, ಯಾರಾದರೂ ಒಳ್ಳೆಯ ಹುಡುಗ ಜೊತೆಗಿರಬೇಕು. ಕೊಬ್ಬರಿ ತುಂಬಿದ ಮಂಡಿಯ ಮೇಲೆ ಅವನೊಬ್ಬನನ್ನೇ ಬಿಡಲು ಮಾವನಿಗೂ ಮನಸ್ಸಿರಲಿಲ್ಲ. ಒಂದು ಕಡೆ ಧರ್ಮ, ಇನ್ನೊಂದು ಕಡೆ ಅನುಮಾನ. ಎರಡೂ ಕೂಡಿ ನನ್ನನ್ನು ಪಾರ್ಕರನ ಪಕ್ಕದಲ್ಲಿ ಕಟ್ಟಿಹಾಕಿದವು. ನಾನು ಅವನಿಗೆ ಕನ್ನಡ ಹೇಳಿಕೊಡುತ್ತಿದ್ದೆ. ಎಲ್ಡರ್ ಎಂಬುದಕ್ಕೆ ಹಿರಿಯರು ಅನ್ನಬೇಕು ಎಂದು ಕಲಿಸಿದವನು ನಾನೇ.

ಇದೇ ಹೊತ್ತಿಗೆ ನನಗೊಂದು ಹೆಣ್ಣಿನ ಪ್ರಸ್ತಾಪ ಬಂತು. ಅಜ್ಜಂಪುರದಾಚೆ ಬುಕ್ಕಾಂಬುಧಿಯ ರುದ್ರಪ್ಪನವರ ಮಗಳು ಗಿರಿಜೆ. ತೆಂಗಿನ ತೋಟ, ಹೊಲ ಇದ್ದ ಮನೆ. ಹುಡುಗಿ ಕಡೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಓದಿದವಳು ಎಂದಷ್ಟೇ ನಮಗೆ ತಿಳಿದಿತ್ತು. ಆದರೆ ರುದ್ರಪ್ಪನವರು ಅನುಮಾನದಲ್ಲಿ ನಮ್ಮ ಮಾವನಿಗೂ ಒಂದು ಕೈ ಮೇಲು. ಅದಕ್ಕೆ ಕಾರಣವಿತ್ತು. ಹಿಂದೆ ಒಬ್ಬ ವರ ಅಣೆಕಟ್ಟಿನಲ್ಲಿ ಓವರ್‌ಸೀಯರ್ ಎಂದು ಹೇಳಿಕೊಂಡು ಬಂದು ಹೋಳಿಗೆ ತಿಂದು ಹೋಗಿದ್ದನಂತೆ. ವಿಚಾರಿಸಿದರೆ ಅವನು ಅಲ್ಲಿ ಸಿಮೆಂಟ್ ಚೀಲ ಹೊರುವವನು. ಅಂದಿನಿಂದ ಅವರು ವರ ಎಂಬ ಜಾತಿಯನ್ನೇ ನಂಬುತ್ತಿರಲಿಲ್ಲ.

ಹೆಣ್ಣು ನೋಡಲು ಗೊತ್ತಾದ ಭಾನುವಾರ ಬೆಳಿಗ್ಗೆ ಮಾವ ಹಾಸಿಗೆಯಿಂದ ಏಳಲಿಲ್ಲ. ಸೊಂಟ ಹಿಡಿದಿತ್ತು. ಅತ್ತೆ ಬಿಸಿ ಎಣ್ಣೆ ತಿಕ್ಕುತ್ತಾ ಕೂತರು. ದಿನ ಮುಂದೂಡಿದರೆ ರುದ್ರಪ್ಪ ಇನ್ನೇನೋ ಅಂದುಕೊಳ್ಳುತ್ತಾರೆಂದು ನನ್ನೊಬ್ಬನಿಗೇ ಹೋಗಿ ಬರಲು ಮಾವ ಹೇಳಿದರು. ಒಬ್ಬನೇ ಎಂದರೆ ಪಾರ್ಕರನ ಜೊತೆ. ಅವನು ತನ್ನ ಪ್ರಾರ್ಥನೆ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ನನ್ನ ಸಂತೋಷಕ್ಕೆಂದು ತನ್ನದೊಂದು ಟೈಯನ್ನು ನನ್ನ ಕೊರಳಿಗೂ ಕಟ್ಟಿದ. ಕನ್ನಡಿಯಲ್ಲಿ ನೋಡಿಕೊಂಡೆ. ಕೊಂಬಿಗೆ ಗೊಂಡೆ ಕಟ್ಟಿದ ಹೋರಿಯ ಹಾಗೆ ಭರ್ಜರಿಯಾಗಿ ಕಾಣುತ್ತಿದ್ದೆ.

ಬಸ್ಸಿನಲ್ಲಿ ಪಾರ್ಕರ್ ತಾನಿಂದು ಉಪವಾಸವೆಂದು, ತಿಂಗಳ ಮೊದಲ ಭಾನುವಾರ ಸಂಜೆಯವರೆಗೆ ನೀರನ್ನೂ ಮುಟ್ಟುವುದಿಲ್ಲವೆಂದು ಹೇಳಿದ. ಹುಡುಗಿಗೆ ಯಾವ ಪ್ರಶ್ನೆ ಕೇಳಬೇಕೆಂಬ ಯೋಚನೆಯಲ್ಲಿ ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಬುಕ್ಕಾಂಬುಧಿ ಕೆರೆಯ ಏರಿ ದಾಟಿ ಅವರ ಮನೆ ಮುಟ್ಟಿದಾಗ ರುದ್ರಪ್ಪನವರು ಜಗಲಿಯ ಮೇಲೆ ನಿಂತಿದ್ದರು. ನನ್ನ ಟೈ ನೋಡಿದರು. ಪಾರ್ಕರನನ್ನು ನೋಡಿದರು. ನಮ್ಮ ಹಿಂದೆ ಇನ್ನೂ ಯಾರಾದರೂ ಬರುತ್ತಾರೇನೋ ಎಂದು ದಾರಿಯನ್ನು ನೋಡಿದರು.

“ಏನಪ್ಪಾ, ನಿಮ್ ಕಡೆ ಹಿರಿಯರು ಯಾರೂ ಬರ್ಲಿಲ್ವಾ?” ಎಂದು ಕೇಳಿದರು.

ನಾನು ಮಾವನ ಸೊಂಟದ ವಿಷಯ ಹೇಳಲು ಬಾಯಿ ತೆರೆಯುವಷ್ಟರಲ್ಲಿ, ತನಗೆ ಗೊತ್ತಿರುವ ಪದ ಕೇಳಿದ ಖುಷಿಗೆ ಪಾರ್ಕರ್ ಮುಂದೆ ಬಂದು ಕೈ ಮುಗಿದ. “ನಾನು ಹಿರಿಯರು” ಎಂದ.

ರುದ್ರಪ್ಪನವರು ಅವನ ನುಣ್ಣನೆಯ ಗಲ್ಲವನ್ನೊಮ್ಮೆ ನೋಡಿ ಒಳಗೆ ಕರೆದರು.

ನಡುಮನೆಯಲ್ಲಿ ಚಾಪೆ ಹಾಸಿದ್ದರು. ಕಂಬಕ್ಕೊರಗಿ ರುದ್ರಪ್ಪನವರ ತಾಯಿ ಕೂತಿದ್ದರು. ಮನೆಯವರೆಲ್ಲ ಆ ಅಜ್ಜಿಯ ಮುಖ ನೋಡಿಯೇ ಮಾತಾಡುತ್ತಿದ್ದರು. ಗಿರಿಜೆ ಉಪ್ಪಿಟ್ಟು, ಬಾಳೆಹಣ್ಣು, ಕಾಫಿ ತಂದಿಟ್ಟು ಬಾಗಿಲ ಹಿಂದೆ ಹೋದಳು. ನನಗೆ ಅವಳ ಜಡೆ ಮಾತ್ರ ಕಂಡಿತು. ಪಾರ್ಕರ್ ತಟ್ಟೆಗೆ ಕೈ ಮುಗಿದು, ಬೇಡ ಎಂದ. ಕಾಫಿಗೂ ಕೈ ಮುಗಿದ. ನೀರಾದರೂ ಕುಡಿಯಲಿ ಎಂದು ತಂಬಿಗೆ ಮುಂದಿಟ್ಟರೆ ಅದಕ್ಕೂ ಕೈ ಮುಗಿದ.

“ಯಾಕೆ ಮುಟ್ಟಲ್ಲ ಅವ್ನು? ನಾವೇನ್ ಮದ್ದು ಹಾಕ್ತೀವಿ ಅಂದ್ಕಂಡವ್ನಾ?” ಎಂದು ಅಜ್ಜಿ ಕೇಳಿದರು.

ಊಟದಲ್ಲಿ ಮದ್ದು ಹಾಕುವ ಮನೆ ಎಂಬುದಕ್ಕಿಂತ ದೊಡ್ಡ ಅಪವಾದ ನಮ್ಮ ಕಡೆ ಇಲ್ಲ. ಬಸ್ಸಿನಲ್ಲಿ ಪಾರ್ಕರ್ ಹೇಳಿದ್ದು ಆಗ ನೆನಪಾಗಿ, ನಾನು ಉಪವಾಸದ ವಿಷಯ ವಿವರಿಸಿದೆ. ಭಾನುವಾರ ಯಾವ ದೇವರ ಉಪವಾಸ ಎಂದು ಅವರು ಕೇಳಿದರು. ಪರಿಸ್ಥಿತಿಯನ್ನು ಕಾಪಾಡುವ ಏಕೈಕ ಉದ್ದೇಶದಿಂದ ಪಾರ್ಕರನ ತಟ್ಟೆಯನ್ನೂ ನನ್ನ ಕಡೆಗೆ ಎಳೆದುಕೊಂಡು ತಿಂದೆ. ಅವನ ಕಾಫಿಯನ್ನೂ ಕುಡಿದೆ. ಮದ್ದಿಲ್ಲ ಎಂದು ತೋರಿಸಲು ಬಾಳೆಹಣ್ಣನ್ನೂ ಬಿಡಲಿಲ್ಲ. ಮನೆಯವರ ಕಣ್ಣಿಗೆ ನಾನು ಎರಡಾಳಿನ ಊಟ ಮಾಡುವವನಾಗಿ ಕಂಡೆ, ಅಷ್ಟೆ.

ಪಾರ್ಕರ್ ತನಗೆ ಬರುವ ಕನ್ನಡದಲ್ಲಿ ಕೆರೆ ಎಷ್ಟು ಆಳ, ತೂಬು ಎಲ್ಲಿದೆ, ಯಾರು ತೆಗೆಯುತ್ತಾರೆ ಎಂದು ವಿಚಾರಿಸಿದ. ಅವನ ಅಪ್ಪ ಮಳೆ ಕಡಿಮೆಯಿರುವ ಸೀಮೆಯಲ್ಲಿ ಕಾಲುವೆ ನೀರು ಹಾಯಿಸಿ ಆಲೂಗಡ್ಡೆ ಬೆಳೆಯುವ ರೈತ; ಅದನ್ನು ಅವನು ನನಗೆ ಹೇಳಿದ್ದ, ನಾನು ನಂಬಿರಲಿಲ್ಲ. ರುದ್ರಪ್ಪನವರಿಗೆ ಈಗ ತೂಬಿನ ಚಿಂತೆ ಹತ್ತಿತು. ಅವರು ಚಾಪೆಯನ್ನು ಒಂದಿಷ್ಟು ಹಿಂದಕ್ಕೆ ಎಳೆದುಕೊಂಡು ಕೂತರು. ಆಮೇಲೆ ಏನು ತೋಚಿತೋ, ನನ್ನ ಕಡೆ ತಿರುಗಿದರು.

“ನೋಡಪ್ಪಾ, ನಿನ್ನ ಕೇಳಿದ್ರೆ ನೀನು ಚೆನ್ನಾಗೇ ಹೇಳ್ತೀಯ. ಈ ಪರದೇಶದೋನಿಗೆ ನಮ್ಮ ಮುಲಾಜಿಲ್ಲ. ಹುಡುಗನಿಗೆ ಏನಾದ್ರೂ ಚಟ ಇದ್ಯಾ ಅಂತ ಅವನ್ನ ಇಂಗ್ಲೀಷ್ನಲ್ಲಿ ಕೇಳು.”

ನಾನು ಕೇಳಿದೆ. ಪಾರ್ಕರ್ ಸುಳ್ಳು ಹೇಳುವವನಲ್ಲ. ಅದೂ ಅವರ ನಿಯಮ. ಅವನು ಬಹಳ ಯೋಚಿಸಿ, ಪ್ರೀತಿಯಿಂದ, ದೀರ್ಘವಾಗಿ ಉತ್ತರಿಸಿದ. ಇವನು ಚೀಲಗಳ ಹಿಂದೆ ನಿಂತು ಸಿಗರೇಟು ಸೇದುತ್ತಾನೆ, ಮಾವನ ಹೆಜ್ಜೆ ಕೇಳಿದರೆ ಅದನ್ನು ಕೊಬ್ಬರಿ ಚಿಪ್ಪಿನಲ್ಲಿ ಮುಚ್ಚಿಡುತ್ತಾನೆ, ಒಮ್ಮೆ ಚೀಲ ಹೊತ್ತಿಕೊಂಡಿತ್ತು, ಆದರೆ ಬಿಡಬಲ್ಲ ಎಂಬ ನಂಬಿಕೆ ತನಗಿದೆ ಎಂದ.

“ಹುಡುಗ ಬೀಡಿ ಸಿಗರೇಟು ಮುಟ್ಟೋನಲ್ಲ ಅಂತಾರೆ” ಎಂದು ನಾನು ಅನುವಾದಿಸಿದೆ.

ಅಷ್ಟುದ್ದ ಮಾತು ಇಷ್ಟು ಗಿಡ್ಡ ಹೇಗಾಯಿತು ಎಂದು ರುದ್ರಪ್ಪನವರು ಕೇಳಿದರು. ಇಂಗ್ಲಿಷ್ ಭಾಷೆಯೇ ಹಾಗೆ, ಹಿಂಡಿದರೆ ರಸ ಕಡಿಮೆ ಎಂದೆ. ಅಷ್ಟರಲ್ಲಿ ಸಿಗರೇಟು ಎಂಬ ಪದ ಕೇಳಿಸಿಕೊಂಡ ಪಾರ್ಕರ್, ನಾನು ಸರಿಯಾಗಿ ಹೇಳಿದೆನೆಂದು ತಿಳಿದು, ಹೌದು ಹೌದು ಎಂದು ಜೋರಾಗಿ ತಲೆಯಾಡಿಸಿದ. ಬಾಗಿಲ ಹಿಂದೆ ಬಳೆ ಸದ್ದಾಯಿತು.

ಮಂಡಿಯಲ್ಲಿ ಇವನ ಕೆಲಸ ಹೇಗೆ ಎಂಬುದು ಮುಂದಿನ ಪ್ರಶ್ನೆ. ಇವನು ಬರೆದ ಕಾಗದವನ್ನು ಮಾವ ಮತ್ತೆ ತಾವೇ ಕೂತು ಬರೆಯುತ್ತಾರೆ, ಆದರೆ ಇವನ ಅಕ್ಷರ ಬಹಳ ಸುಂದರ ಎಂದು ಪಾರ್ಕರ್ ಹೇಳಿದ. ಮಂಡಿಯ ವ್ಯವಹಾರವೆಲ್ಲ ನನ್ನ ಕೈಯಲ್ಲೇ ನಡೆಯುವುದಂತೆ ಎಂದು ನಾನು ತಿಳಿಸಿದೆ. ಹೇಳುವಾಗ ಟೈ ಕೊರಳನ್ನು ಬಿಗಿಯುತ್ತಿತ್ತು. ಸಡಿಲಿಸಲು ಹೋಗಿ ಇನ್ನಷ್ಟು ಬಿಗಿ ಮಾಡಿಕೊಂಡೆ.

ಆಗ ಗಿರಿಜೆ ಬಾಗಿಲ ಮರೆಯಿಂದ ಹೊರಗೆ ಬಂದಳು. ನನ್ನ ಕಡೆ ನೋಡಲೇ ಇಲ್ಲ. ಪಾರ್ಕರನ ಮುಂದೆ ನಿಂತು, ಚಿಪ್ಪು ಹೊತ್ತಿಕೊಂಡಿತೋ ಚೀಲವೋ ಎಂದು ಸೊಗಸಾದ ಇಂಗ್ಲಿಷಿನಲ್ಲಿ ಕೇಳಿದಳು. ಕಡೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಅಷ್ಟು ಚೆನ್ನಾಗಿ ಕಲಿಸುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ. ಪಾರ್ಕರ್ ಸಂತೋಷದಿಂದ, ಚೀಲ ಎಂದ. ಅವಳು ತಂದೆಗೆ ಮೊದಲಿನಿಂದ ಎಲ್ಲವನ್ನೂ ಕನ್ನಡದಲ್ಲಿ ಹೇಳಿದಳು. ಒಂದು ಅಕ್ಷರ ಬಿಡಲಿಲ್ಲ. ನನ್ನ ಅಕ್ಷರ ಸುಂದರವಾಗಿದೆ ಎಂಬುದನ್ನು ಕೂಡ ಸೇರಿಸಿದಳು. ಅದು ಅವಳ ಒಳ್ಳೆಯತನ.

ರುದ್ರಪ್ಪನವರು ಬೈದಿದ್ದರೆ ವಾಸಿಯಾಗಿತ್ತು. ಅವರು ನಮಗೆಂದು ಇಟ್ಟಿದ್ದ ಎಲೆಯಡಿಕೆ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ನಾನು ಉಪ್ಪಿಟ್ಟಿನ ಖಾಲಿ ತಟ್ಟೆಗಳ ನಡುವೆ ಕೂತಿದ್ದೆ.

ಆಮೇಲೆ ನನ್ನನ್ನು ಯಾರೂ ಮಾತಾಡಿಸಲಿಲ್ಲ. ಅಜ್ಜಿ ಮೊಮ್ಮಗಳ ಮೂಲಕ ಪಾರ್ಕರನನ್ನೇ ವಿಚಾರಿಸತೊಡಗಿದರು. ತಾಯಿ ಇದ್ದಾಳಾ, ಇದ್ದರೆ ಇಷ್ಟು ದೂರ ಯಾಕೆ ಕಳಿಸಿದಳು, ಬಟ್ಟೆ ಯಾರು ಒಗೆಯುತ್ತಾರೆ. ಅವನು ಒಂದೊಂದಕ್ಕೂ ಉತ್ತರ ಹೇಳಿದ. ಹೊರಡುವ ದಿನ ಅಮ್ಮ ಅಳಲಿಲ್ಲವಂತೆ. ಹಸು ಕರೆಯುವ ನೆಪದಲ್ಲಿ ಕೊಟ್ಟಿಗೆಗೆ ಹೋಗಿ ರೈಲಿನ ಹೊತ್ತಾದರೂ ಹೊರಗೆ ಬರಲೇ ಇಲ್ಲವಂತೆ. ಇಷ್ಟು ಹೇಳುವಷ್ಟರಲ್ಲಿ ಅವನ ಮುಖ ಕೆಂಪಾಗಿತ್ತು. ಹತ್ತೊಂಬತ್ತು ವರ್ಷದ ಹುಡುಗ, ಜೊತೆಗಾರ ಆಸ್ಪತ್ರೆಯಲ್ಲಿ, ಊರಲ್ಲಿ ಬಾಗಿಲು ತೆರೆಯುವವರಿಲ್ಲ. ಹಗಲೂ ಇರುಳೂ ಅವನ ಪಕ್ಕದಲ್ಲಿದ್ದ ನಾನು ಅವನ ಪೆಟ್ಟಿಗೆಯ ಬೀಗ ನೋಡಿದ್ದೆನೇ ಹೊರತು ಅವನ ಮುಖವನ್ನು ಸರಿಯಾಗಿ ನೋಡಿರಲಿಲ್ಲ.

“ಅಯ್ಯೋ ಮಗಾ” ಎಂದರು ಅಜ್ಜಿ. “ಹೊತ್ತು ಮುಳುಗಿದ ಮೇಲೆ ತಿಂತೀಯಲ್ಲ, ಕಟ್ಟಿ ಕೊಡ್ತೀನಿ ತಗಂಡು ಹೋಗು.”

ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಒಂದು ಗಡಿಗೆ ಮೊಸರು ಗಂಟಾಗಿ ಬಂತು. ರುದ್ರಪ್ಪನವರು ಪಾರ್ಕರನನ್ನು ಏರಿಯ ಮೇಲೆ ಕರೆದೊಯ್ದು, ಖುದ್ದಾಗಿ ತೂಬು ತೋರಿಸಿದರು. ನಾನು ಗಂಟು ಹೊತ್ತು ಹಿಂದೆ ನಡೆದೆ.

ಸೂರ್ಯ ಮುಳುಗಿದಾಗ ಬಸ್ಸು ಅಜ್ಜಂಪುರ ಬಿಟ್ಟಿತ್ತು. ಪಾರ್ಕರ್ ಕಣ್ಣು ಮುಚ್ಚಿ ಪ್ರಾರ್ಥಿಸಿ ಗಂಟು ಬಿಚ್ಚಿದ. ಅರ್ಧ ನನಗೆ ಕೊಡಲು ಬಂದ. ನನ್ನ ಹೊಟ್ಟೆಯಲ್ಲಿ ಎರಡು ತಟ್ಟೆ ಉಪ್ಪಿಟ್ಟು ಬಸ್ಸಿನ ಕುಲುಕಿಗೆ ಜಗಳವಾಡುತ್ತಿತ್ತು. ನಾನೂ ಕೈ ಮುಗಿದೆ. ನಾನು ಅನುವಾದದಲ್ಲಿ ಏನು ಮಾಡಿದ್ದೆನೆಂದು ಅವನಿಗೆ ಆಗಲೂ ಗೊತ್ತಾಗಿರಲಿಲ್ಲ; ಹುಡುಗಿಯ ಮನೆಯವರು ತುಂಬಾ ಒಳ್ಳೆಯವರು, ಎಲ್ಲ ಚೆನ್ನಾಗಿ ನಡೆಯಿತು ಎಂದ.

ಮಿಲ್ಲರ್ ಹುಷಾರಾಗಿ ಬಂದ ಸ್ವಲ್ಪ ದಿನಕ್ಕೆ ಇಬ್ಬರಿಗೂ ತಮಿಳುನಾಡಿನ ಕಡೆ ಹೋಗುವ ಅಪ್ಪಣೆಯಾಯಿತು. ತರೀಕೆರೆಯಲ್ಲಿ ಅವರ ಧರ್ಮಕ್ಕೆ ಒಬ್ಬನೂ ಸೇರಿರಲಿಲ್ಲ. ಹೊರಟ ದಿನ ಮಾವ ಮಹಡಿ ಹತ್ತಿ ಕೋಣೆಯ ಮೂಲೆ ಮೂಲೆ ಹುಡುಕಿದರು. ನೆಲವನ್ನು ಒರೆಸಿ ಹೋಗಿದ್ದರು. ಅದೂ ಮಾವನಿಗೆ ಅನುಮಾನವೇ.

ಬುಕ್ಕಾಂಬುಧಿಯ ಆಸೆ ನಾನು ಬಿಟ್ಟಿದ್ದೆ. ಮಳೆಗಾಲ ಕಳೆದ ಮೇಲೆ ಒಂದು ದಿನ ರುದ್ರಪ್ಪನವರು ಮಂಡಿಗೆ ಬಂದು, ಚೀಲಗಳ ಹಿಂದೆ ಒಮ್ಮೆ ಬಗ್ಗಿ ನೋಡಿ, ಮಾವನ ಪಕ್ಕ ಕೂತು, ಸಂಬಂಧ ಒಪ್ಪಿಗೆ ಎಂದರು. ನನ್ನ ಎದೆ ಉಬ್ಬಿತು. ಎಷ್ಟಾದರೂ ನನ್ನಲ್ಲಿ ಏನೋ ಒಂದು ಗುಣ ಅವರಿಗೆ ಕಂಡಿರಬೇಕು ಎಂದುಕೊಂಡೆ.

ಮದುವೆಯಾಗಿ ತಿಂಗಳು ಕಳೆದ ಮೇಲೆ, ಆ ಗುಣ ಯಾವುದೆಂದು ತಿಳಿಯುವ ಆಸೆಯಿಂದ ಗಿರಿಜೆಯನ್ನು ಕೇಳಿದೆ. ಅಷ್ಟು ಸುಳ್ಳು ಹೇಳಿದರೂ ನಿಮ್ಮಪ್ಪ ಹೇಗೆ ಒಪ್ಪಿದರು ಎಂದೆ.

ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ಅಪ್ಪ ಅಂದ್ರು, ಹಿಂದೆ ಬಂದೋನು ಹೇಳಿದ ಸುಳ್ಳು ಹಿಡಿಯೋಕೆ ಲಕ್ಕವಳ್ಳಿವರ್ಗೂ ಹೋಗ್ಬೇಕಾಯ್ತು. ಇವನು ಕೂತ ಚಾಪೆ ಮೇಲೇ ಸಿಕ್ಕಿಬಿದ್ದ. ಇಂಥೋನು ಮನೇಲಿದ್ರೆ ಅನುಮಾನ ಪಡೋ ಶ್ರಮ ಇಲ್ಲ ಕಣೇ, ಆಗು ಅಂದ್ರು.”

ಅಂದಿನಿಂದ ಇಂದಿನವರೆಗೆ ನನ್ನ ಹೆಂಡತಿ ನನ್ನನ್ನು ಒಮ್ಮೆಯೂ ಅನುಮಾನಿಸಿಲ್ಲ. ನಾನು ಹೊರಗಿನಿಂದ ಬಂದು ಏನಾದರೂ ಹೇಳಲು ಗಂಟಲು ಸರಿಮಾಡಿಕೊಂಡರೆ ಸಾಕು, ಮಾತು ಹೊರಬೀಳುವ ಮುಂಚೆಯೇ ನಗಲು ಶುರುಮಾಡುತ್ತಾಳೆ.