ತೂಕಕ್ಕೆ ಬಿದ್ದ ತೊಟ್ಟಿಲು

ಕೊಳ್ಳುವಾಗ ವಸ್ತುವನ್ನು ಹೊಗಳುವವನು ವ್ಯಾಪಾರಕ್ಕೆ ಲಾಯಕ್ಕಲ್ಲ. ಕೇಳದವರಿಗೂ ನಾನಿದನ್ನು ಹೇಳುತ್ತೇನೆ, ನಿಮಗೂ ಹೇಳಿದ್ದೇನೆ. ನೆಲಮಂಗಲದ ಹತ್ತಿರ ಅರಿಶಿನಕುಂಟೆಯ ಹೆದ್ದಾರಿ ಬದಿಯಲ್ಲಿ, ಕೆಡವಿದ ಮನೆಗಳ ಬಾಗಿಲು, ಕಂಬ, ಕಿಟಕಿ ಕೊಂಡು ಮಾರುವ ಅಂಗಡಿ ನನ್ನದು. ಬರಿಗೈಯಲ್ಲಿ ಶುರು ಮಾಡಿದ್ದು. ಯಾರು ಎಂಥ ತೇಗದ ಬಾಗಿಲು ತಂದರೂ ಬೆರಳಿನಿಂದ ಒಮ್ಮೆ ಕುಟ್ಟಿ, ಮುಖ ಸಿಂಡರಿಸಿ, "ಏನಪ್ಪಾ, ಸೌದೆ ಹೊತ್ಕೊಂಡು ಬಂದ್ಬಿಟ್ಟಿದ್ದೀಯಲ್ಲ" ಎನ್ನುತ್ತೇನೆ. ಅರ್ಧ ವ್ಯಾಪಾರ ಅಲ್ಲಿಗೇ ಮುಗಿಯುತ್ತದೆ. ಹೆಣ್ಣು ನೋಡಲು ಹೋದಾಗಲೂ ಅಭ್ಯಾಸಬಲದಿಂದ ಉಪ್ಪಿಟ್ಟು ಸಪ್ಪೆ ಎಂದುಬಿಟ್ಟಿದ್ದೆ. ನನ್ನ ಹೆಂಡತಿ ನಾಗರತ್ನ ಅದನ್ನಿನ್ನೂ ಮರೆತಿಲ್ಲ.

ಇಂಥ ನನಗೆ ಮಸ್ಕತ್ತಿನಲ್ಲಿ ಮೊಮ್ಮಗಳು ಹುಟ್ಟಿದಳು. ಮಗಳು ಮಂಗಳಾ ಫೋನಿನಲ್ಲೇ ಹಟ ಹಿಡಿದಳು: "ಅಪ್ಪಾ, ನಾಮಕರಣಕ್ಕೆ ನಮ್ಮ ತೊಟ್ಟಿಲೇ ಬೇಕು. ಅಂಗಡೀದು ತಂದ್ರೆ ನಾನು ಮಗೂನ ಹಾಕಲ್ಲ." ನಮ್ಮ ತಾತ ಹಲಸಿನ ಮರದಲ್ಲಿ ಮಾಡಿದ್ದು ಅದು. ಅದರಲ್ಲಿ ನಾನು ಅತ್ತಿದ್ದೇನೆ, ಅವಳೂ ಅತ್ತಿದ್ದಾಳೆ. ಬಿಚ್ಚಿ, ಗೋಣಿತಾಟಿನಲ್ಲಿ ಸುತ್ತಿ, ದೇವನಹಳ್ಳಿ ವಿಮಾನ ನಿಲ್ದಾಣದ ಸರಕು ಕಚೇರಿಗೆ ಒಯ್ದೆ. ಶಾಸ್ತ್ರಕ್ಕೆ ಇನ್ನೂ ಹತ್ತು ದಿನವಿತ್ತು.

ಅಲ್ಲಿನ ಹುಡುಗಿ ಕೇಳಿದಳು: "ಏನಿದೆ ಅಂಕಲ್ ಇದ್ರಲ್ಲಿ? ಬೆಲೆಬಾಳೋದಾದ್ರೆ ಈಗ್ಲೇ ಬರೆಸ್ಬಿಡಿ, ಚಾರ್ಜ್ ಸ್ವಲ್ಪ ಜಾಸ್ತಿ ಆಗುತ್ತೆ."

ಜಾಸ್ತಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ನಾಲಗೆ ನನ್ನನ್ನು ಕೇಳದೆಯೇ ಹೊರಟಿತು. "ಏನಿಲ್ಲ ಕಣಮ್ಮ, ಹಳೇ ಸೌದೆ. ಒಲೆಗೆ ಹಾಕೋದು."

ಅವಳು ಹಾಗೆಯೇ ಬರೆದಳು. ನಾನು ಸಹಿ ಹಾಕಿ, ಗೆದ್ದವನ ಹಾಗೆ ಎಳನೀರು ಕುಡಿದು ಮನೆಗೆ ಬಂದೆ.

ನಾಮಕರಣಕ್ಕೆ ಮೂರು ದಿನ ಉಳಿದರೂ ತೊಟ್ಟಿಲು ಮಗಳ ಮನೆ ಸೇರಲಿಲ್ಲ. ನಾನು ಬಿಡುವವನೇ? ನೆಲಮಂಗಲದ ವಕೀಲರ ಗುಮಾಸ್ತನಿಂದ ಕಾನೂನು ಪ್ರಿಂಟ್ ಹಾಕಿಸಿಕೊಂಡು ಸರಕು ಕಚೇರಿಗೆ ನುಗ್ಗಿದೆ. "ಇದು ದೇಶ ದೇಶದವರು ಕೂತು ಒಪ್ಕೊಂಡಿರೋ ಒಪ್ಪಂದ. ಸರಕು ತಡವಾದ್ರೆ ವಿಮಾನದೋರೇ ಹೊಣೆ. ಓದ್ಲಾ?" ಎಂದು ಮೇಜು ಕುಟ್ಟಿದೆ.

ಅಧಿಕಾರಿ ಶಾಂತವಾಗಿ ಕನ್ನಡಕ ಒರೆಸಿಕೊಂಡರು. "ಓದಿ ಯಜಮಾನ್ರೇ. ಹಾಗೇ ಅದಕ್ಕಿಂತ ಮುಂಚೆ ಇರೋದನ್ನೂ ಓದಿ. ಸರಕಿನ ವಿವರ ತಪ್ಪು ಬರೆಸಿದ್ರೆ, ಅದಕ್ಕೆ ಕಳಿಸಿದೋರೇ ಹೊಣೆ. ನೀವು ಸೌದೆ ಅಂದ್ರಿ. ಸೌದೇಲಿ ಹುಳ ಇರಬಹುದು ಅಂತ ಅಲ್ಲಿನ ಸರ್ಕಾರದೋರು ತಡೆದಿದ್ದಾರೆ."

"ಆಯ್ತು ಸ್ವಾಮಿ, ಕಳೆದೇ ಹೋದ್ರೆ?"

"ಬೆಲೆ ಬರೆಸಿಲ್ವಲ್ಲ. ಪರಿಹಾರದ ಮಿತಿ ಕಿಲೋ ಲೆಕ್ಕ."

ಕಿಲೋ ಲೆಕ್ಕ! ನಾನು ಜನರ ಮನೆಯ ಕಂಬ ಕೊಳ್ಳುವುದೂ ಹಾಗೆಯೇ. ಆದರೆ ನಮ್ಮ ತಾತನ ಕೈಕೆಲಸ ತಕ್ಕಡಿಗೆ ಬಿದ್ದಾಗ ಮೈ ಉರಿಯಿತು. ಎಷ್ಟು ದೇಶದವರು ಕೂತು ಬರೆದಿದ್ದರೂ ಆ ನಿಯಮ ತಪ್ಪು ಎಂದು ಅಲ್ಲಿಯೇ ಘೋಷಿಸಿದೆ, ಇವತ್ತಿಗೂ ಅದೇ ಹೇಳುತ್ತೇನೆ. ಆ ಸಭೆಗೆ ತೊಟ್ಟಿಲಲ್ಲಿ ಮಲಗಿದವರನ್ನೇ ಕರೆದಿರಬೇಕು, ತೂಗಿದವರನ್ನು ಕರೆದಿಲ್ಲ.

"ನಿಜವಾಗ್ಲೂ ಏನು ಅಂತ ಬರೆದುಕೊಡಿ, ಈಗ್ಲೇ ಅಲ್ಲಿಗೆ ಕಳಿಸ್ತೀನಿ" ಎಂದರು ಅಧಿಕಾರಿ.

ಬಿಳಿ ಹಾಳೆ ಮುಂದಿಟ್ಟುಕೊಂಡು ಅರ್ಧ ಗಂಟೆ ಕೂತೆ. ಮೂವತ್ತು ವರ್ಷ ತೆಗಳಿದ ಕೈ, ಹೊಗಳಲು ಒಲ್ಲೆ ಎನ್ನುತ್ತಿತ್ತು. ಕೊನೆಗೆ ಹಲ್ಲು ಕಚ್ಚಿ ಬರೆದೆ: 'ಇದು ಸೌದೆಯಲ್ಲ. ಹಲಸಿನ ಮರದ ತೊಟ್ಟಿಲು. ಎಣ್ಣೆ ಕುಡಿದು ಪಳಗಿದ್ದು, ಹುಳ ಹಿಡಿದಿಲ್ಲ. ಇದಕ್ಕೆ ಸಮನಾದದ್ದು ನನ್ನ ಅಂಗಡಿಗೆ ಇದುವರೆಗೆ ಬಂದಿಲ್ಲ.' ಸಹಿ ಹಾಕಿ ಕೊಟ್ಟು, ಒಂದು ನಕಲನ್ನು ಜೇಬಿಗಿಟ್ಟುಕೊಂಡೆ.

ನಾಮಕರಣದ ಬೆಳಿಗ್ಗೆ ತೊಟ್ಟಿಲು ಮಗಳ ಮನೆ ಮುಟ್ಟಿತು. ವಿಡಿಯೋದಲ್ಲಿ ಮೊಮ್ಮಗಳು ಅದರಲ್ಲಿ ಮಲಗಿ, ನಮ್ಮ ವಂಶದ ರಾಗದಲ್ಲೇ ಅತ್ತಳು. ನಾಗರತ್ನ ಆ ಕಾಗದದ ನಕಲನ್ನು ಊರಿಗೆಲ್ಲ ಓದಿ ಹೇಳಿದಳು. ಉಪ್ಪಿಟ್ಟಿನ ಸೇಡು.

ಆದ್ದರಿಂದ ಕೇಳಿ: ವಿಮಾನದಲ್ಲಿ ಕಳಿಸುವಾಗ ಇದ್ದದ್ದು ಇದ್ದ ಹಾಗೆ ಬರೆಸಿ. ನೆಲದ ಮೇಲಿನ ವ್ಯಾಪಾರದಲ್ಲಿ ಮಾತ್ರ ನಾನು ಬದಲಾಗುವವನಲ್ಲ. ಮರುವಾರವೇ ಊರಿನ ಕೆಂಪಣ್ಣ ಹಳೆಯ ಬಾಗಿಲೊಂದನ್ನು ತಂದ. ಕುಟ್ಟಿದೆ, ಸಿಂಡರಿಸಿದೆ, "ಸೌದೆ ಕಣೋ" ಎಂದೆ.

ಕೆಂಪಣ್ಣ ಜೇಬಿನಿಂದ ಪೆನ್ನು ತೆಗೆದ. "ಹಂಗಂತ ಬರೆದು ಸಹಿ ಹಾಕ್ಕೊಡಣ್ಣಾ, ನಿನ್ ರೇಟಿಗೇ ಬಿಟ್ಟೋಗ್ತೀನಿ."

ಬಾಗಿಲಿಗೆ ಅವನು ಕೇಳಿದ ಬೆಲೆಯನ್ನೇ ಕೊಟ್ಟೆ. ಪೆನ್ನಿನ ವಿಷಯದಲ್ಲಿ ಮಾತ್ರ ಚೌಕಾಸಿ ಮಾಡಿ, ಅದನ್ನು ನನ್ನಲ್ಲೇ ಉಳಿಸಿಕೊಂಡೆ.